ಹುಣಸೆಹಣ್ಣು ಹಾಕಿ ತಿಕ್ಕಿದ ಆನೆ ಕಾಸು

ಇದು 1982ರ ಮಾತು. ನನ್ನ ಮೈದುನ ಗುಬ್ಬಿಯಲ್ಲಿ ಸ್ವಂತ ಮನೆ ಕಟ್ಟಿಸಿ ಇನ್ನೂ ವರ್ಷ ತುಂಬಿರಲಿಲ್ಲ. ನಾವು ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಅತ್ತೆಯವರು ನಮ್ಮ ಜೊತೆಗಿದ್ದರು.

ಮೊದಲೇ ಹೇಳಿಬಿಡುತ್ತೇನೆ, ಮೈದುನನ ಹೆಂಡತಿ ನಾಗರತ್ನಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವಳೇನೂ ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. ಜಗಳ ಆಡೋಣ ಎಂದರೆ ಒಂದು ಕಾರಣವನ್ನೂ ಕೊಡುತ್ತಿರಲಿಲ್ಲ ಮಹಾರಾಯ್ತಿ. ಅವಳ ಮನೆಗೆ ಗ್ಯಾಸ್ ಬಂದಾಗ ನಾನು ಸೀಮೆಎಣ್ಣೆ ಸ್ಟೋವಿಗೆ ಪಂಪ್ ಹೊಡೆಯುತ್ತಿದ್ದೆ. ಅವಳು ಮಿಕ್ಸಿ ತಗೊಂಡಾಗ ನಾನು ಒರಳುಕಲ್ಲಿನ ಮುಂದೆ ಕೂತಿದ್ದೆ. ಒಬ್ಬನೇ ಮಾವನ ಇಬ್ಬರು ಸೊಸೆಯರು ನಾವು. ಅವಳಿಗೊಂದು, ನನಗೊಂದು ಯಾಕೆ ಎಂದು ಒರಳು ತಿರುಗಿಸುವಾಗಲೆಲ್ಲ ಅನ್ನಿಸುತ್ತಿತ್ತು.

ಆ ಮಾವನವರು ಕುಣಿಗಲ್ಲಿನಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದರು. ಹಳ್ಳಿಯವರು ಹಳೇ ತಾಮ್ರ, ಹಿತ್ತಾಳೆ ತೂಕಕ್ಕೆ ಹಾಕಿ ಹೊಸ ಪಾತ್ರೆ ಒಯ್ಯುತ್ತಿದ್ದರು. ಆ ಹಳೇ ಸಾಮಾನಿನ ಜೊತೆ ಎಂದೋ ನಿಂತುಹೋದ ನಾಣ್ಯಗಳೂ ಬರುತ್ತಿದ್ದವು. ಒಂದು ಕಡೆ ಆನೆ ಇರುವ ಮೈಸೂರಿನ ತಾಮ್ರದ ಕಾಸು, ರಾಣಿ ತಲೆಯ ಬೆಳ್ಳಿ ರೂಪಾಯಿ, ಹೀಗೆ. ಮಾವನವರು ಅವನ್ನು ಕರಗಿಸಲು ಕೊಡದೆ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಡುತ್ತಿದ್ದರು. ಎಪ್ಪತ್ತನಾಲ್ಕರಲ್ಲಿ ಅವರು ಹೋದ ಮೇಲೆ ಡಬ್ಬಿಯೂ ಪಾಲಾಯಿತು. ಅತ್ತೆ ಚಾಪೆಯ ಮೇಲೆ ಕೂತು, ಒಂದೇ ಥರದ್ದು ಎರಡೆರಡು ಆರಿಸಿ, "ಇದು ದೊಡ್ಡೋನಿಗೆ, ಇದು ಚಿಕ್ಕೋನಿಗೆ" ಎನ್ನುತ್ತಾ ಎರಡು ಗುಡ್ಡೆ ಮಾಡಿದರು. ನಾನು ಕಣ್ಣು ಮಿಟುಕಿಸದೆ ನೋಡಿದೆ. ಆದರೂ ಚಿಕ್ಕವನ ಗುಡ್ಡೆಯೇ ಯಾಕೋ ಎತ್ತರ ಕಂಡಿತು.

ನಾಗರತ್ನ ತನ್ನ ಪಾಲನ್ನು ಹಳೇ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ ಟ್ರಂಕಿನ ತಳಕ್ಕೆ ಹಾಕಿ ಮರೆತಳು. ನಾನು ನನ್ನದನ್ನು ದೇವರ ಮನೆಯಲ್ಲಿಟ್ಟು, ವರಮಹಾಲಕ್ಷ್ಮಿ ಹಬ್ಬಕ್ಕೆ ಕಳಶದ ಮುಂದೆ ಹರಡಿ, ಅರಿಶಿನ ಕುಂಕುಮ ಇಟ್ಟು ಪೂಜೆ ಮಾಡುತ್ತಿದ್ದೆ. ಯಾರಿಗೆ ಬೆಲೆ ಗೊತ್ತಿತ್ತು ನೀವೇ ಹೇಳಿ.

ಒಂದು ಭಾನುವಾರ ನಾಗರತ್ನ ನಮ್ಮ ಮನೆಗೆ ಬಂದವಳು ಕಾಫಿ ಕುಡಿಯುತ್ತಾ ಹೇಳಿದಳು.

"ಅಕ್ಕ, ನಮ್ ಬೀದೀಲಿ ಮೊನ್ನೆ ಕಳ್ತನ ಆಯ್ತಲ್ಲ, ಇವ್ರಿಗೆ ಹೆದರಿಕೆ ಹತ್ಕೊಂಡಿದೆ. ಒಡವೆ ಜೊತೆ ಮಾವನೋರ ಕಾಸಿಗೂ ಇನ್ಶೂರೆನ್ಸ್ ಮಾಡಿಸ್ತಾರಂತೆ. ಅದಕ್ಕೆ ತಿಳಿದೋರು ಬೆಲೆ ಬರ್ಕೊಡ್ಬೇಕಂತೆ. ಬರೋ ಭಾನ್ವಾರ ಬೆಂಗ್ಳೂರಿಂದ ಒಬ್ರು ಬರ್ತಾರೆ. ನಿಮ್ದೂ ತಗೊಂಡ್ ಬನ್ನಿ, ಒಟ್ಟಿಗೇ ನೋಡ್ಸಿಬಿಡೋಣ."

ಕಾಸಿಗೂ ಇನ್ಶೂರೆನ್ಸು! ನಮ್ಮ ಮನೆಯಲ್ಲಿ ಮನುಷ್ಯರಿಗೇ ಇರಲಿಲ್ಲ. ರಾತ್ರಿ ಊಟಕ್ಕೆ ಬಡಿಸುತ್ತಾ ಯಜಮಾನರ ಹತ್ತಿರ ಇದನ್ನೇ ಹೇಳಿದೆ.

"ಅವರ ಕಾಸು, ಅವರ ಇಷ್ಟ. ನಿಂಗ್ಯಾಕೆ ಉರಿ?" ಎಂದರು.

"ಯಾರಿಗೆ ಉರಿ? ನಂಗಾ? ಉರಿಯೋಕೆ ನಂಗೇನ್ ಬಂದಿದೆ?" ಎಂದೆ. ಸಾರಿನ ಸೌಟು ಪಾತ್ರೆಯೊಳಗೆ ಟಣ್ ಎಂದು ಬಿತ್ತು. ಅವರು ಮಜ್ಜಿಗೆ ಹಾಕಿಸಿಕೊಂಡರು.

ವಾರವೆಲ್ಲ ಒಂದೇ ಯೋಚನೆ. ಅವಳ ಕಾಸಿಗಿಂತ ನನ್ನ ಕಾಸಿಗೆ ಹೆಚ್ಚು ಬೆಲೆ ಬರಬೇಕು. ಒಂದು ಸಲ, ಒಂದೇ ಒಂದು ಸಲ, ನನ್ನದು ಮೇಲಾಗಬೇಕು. ಟ್ರಂಕಿನಲ್ಲಿ ಬಿದ್ದಿದ್ದ ಅವಳ ಕಾಸು ಕರ್ರಗೆ ಕೂತಿರುತ್ತವೆ, ನನ್ನವು ಹಬ್ಬದ ದೀಪದ ಕಂಬದ ಹಾಗೆ ಹೊಳೆಯುತ್ತಿದ್ದರೆ ಬಂದವನು ಯಾವುದಕ್ಕೆ ಬೆಲೆ ಕಟ್ಟುತ್ತಾನೆ? ಶನಿವಾರ ಮಧ್ಯಾಹ್ನ ಹಿತ್ತಲಿನ ಕಲ್ಲಿನ ಮೇಲೆ ಕೂತೆ. ತಾಮ್ರಕ್ಕೆ ಹುಣಸೆಹಣ್ಣು, ಉಪ್ಪು. ಬೆಳ್ಳಿಗೆ ರಂಗೋಲಿ ಪುಡಿ. ಒಂದೊಂದನ್ನೂ ತಿಕ್ಕಿದ್ದೇ ತಿಕ್ಕಿದ್ದು.

ಅತ್ತೆ ಬಾಗಿಲಿಗೆ ಬಂದು ನಿಂತರು. "ಏನೇ ಸರೋಜ, ಹಬ್ಬ ಇನ್ನೂ ದೂರ ಐತಲ್ಲ?"

"ಸುಮ್ನೆ ಅತ್ತೆ, ಧೂಳು ಕೂತಿತ್ತು."

ಅವರು ಸ್ವಲ್ಪ ಹೊತ್ತು ನೋಡಿ ಒಳಗೆ ಹೋದರು. ನನ್ನ ಬೆರಳ ತುದಿಯೆಲ್ಲ ಸೀಳಿ, ಸೀಳಿನೊಳಗೆ ಕಪ್ಪು ಇಳಿದಿತ್ತು. ಸೋಪು ಹಾಕಿ ಉಜ್ಜಿದರೂ ಹೋಗಲಿಲ್ಲ. ಹೋಗದಿದ್ದರೆ ಹೋಯಿತು, ಕಾಸು ಮಾತ್ರ ಈಗ ಟಂಕಸಾಲೆಯಿಂದ ಬಂದ ಹಾಗಿದ್ದವು.

ಮಾರನೇ ದಿನ ಯಜಮಾನರಿಗೆ ಡ್ಯೂಟಿ ಇತ್ತು. ನಾನು, ಅತ್ತೆ ಇಬ್ಬರೇ ಬಸ್ಸು ಹತ್ತಿ ಗುಬ್ಬಿಗೆ ಹೋದೆವು. ಬೆಲೆ ಕಟ್ಟುವವರು ಆಗಲೇ ಬಂದಿದ್ದರು. ಇತಿಹಾಸದ ಮೇಷ್ಟ್ರಾಗಿ ರಿಟೈರ್ ಆದವರಂತೆ. ಕೋಟು, ಮೂಗಿನ ಕೆಳಗೆ ನಶ್ಯದ ಗುರುತು, ಕೊರಳಲ್ಲಿ ದಾರ ಕಟ್ಟಿದ ಭೂತಗನ್ನಡಿ. ನಾಗರತ್ನಳ ಕಾಸುಗಳನ್ನು ಬಿಳೀ ಟವೆಲ್ ಮೇಲೆ ಸಾಲಾಗಿ ಇಟ್ಟುಕೊಂಡು ನೋಡುತ್ತಿದ್ದರು. ಎಲ್ಲಾ ಇದ್ದಿಲಿನ ಚೂರಿನ ಹಾಗೆ ಕಪ್ಪು. ನನಗೆ ಒಳಗೊಳಗೇ ನಗು.

"ಇನ್ಶೂರೆನ್ಸ್‌ಗೆ ಬರೆಯೋ ಬೆಲೆ ಅಂದ್ರೆ ಬರೀ ತೂಕದ ಬೆಲೆ ಅಲ್ಲ," ಎಂದು ಅವರು ಮೈದುನನಿಗೆ ವಿವರಿಸುತ್ತಿದ್ದರು. "ಇದು ಕಳೆದುಹೋದ್ರೆ ಇಂಥದ್ದೇ ಇನ್ನೊಂದು ಎಲ್ಲಿಂದ ತರ್ತೀರಿ, ಅದಕ್ಕೆ ಎಷ್ಟಾಗುತ್ತೆ, ಅದು ಬೆಲೆ." ಒಂದು ಆನೆ ಕಾಸನ್ನು ಅಂಚಿನಲ್ಲಷ್ಟೇ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿ, "ಆಹಾ!" ಎಂದು ಸಾವಿರಗಟ್ಟಲೆಯ ಒಂದು ಬೆಲೆ ಹೇಳಿದರು. ನಾಗರತ್ನ ಬಾಯಿಗೆ ಸೆರಗು ಇಟ್ಟುಕೊಂಡಳು. ಕಪ್ಪು ಕಾಸಿಗೇ ಇಷ್ಟಾದರೆ ನನ್ನದಕ್ಕೆ ಎಷ್ಟಿರಬೇಡ ಎಂದು ಕರವಸ್ತ್ರದ ಗಂಟು ಬಿಚ್ಚಿದೆ. ನಡುಮನೆಯೇ ಬೆಳಗಿತು.

ಮೇಷ್ಟ್ರು ಭೂತಗನ್ನಡಿ ಹಿಡಿದರು. ಒಂದು ನೋಡಿದರು, ಇನ್ನೊಂದು ನೋಡಿದರು. ಒಡೆದ ಹಾಲಿನ ವಾಸನೆ ಬಂದವರ ಹಾಗೆ ಮುಖ ಮಾಡಿ ಗಂಟನ್ನು ನನ್ನ ಕಡೆಗೇ ಸರಿಸಿದರು.

"ಇವು ತಾಮ್ರ ಬೆಳ್ಳಿ ತೂಕಕ್ಕೆ ಹೋಗ್ತವೆ ತಾಯಿ, ಅಷ್ಟೆ. ಬರೆಯೋಕೆ ಏನೂ ಇಲ್ಲ."

ನನಗೆ ತಲೆ ಕೆಟ್ಟುಹೋಯಿತು. ಎಂಟು ವರ್ಷ ಒಳಗಿಟ್ಟುಕೊಂಡಿದ್ದು ಎಲ್ಲರೆದುರೂ ಬಾಯಿಗೆ ಬಂದುಬಿಟ್ಟಿತು.

"ಗೊತ್ತಿತ್ತು ಬಿಡಿ! ಪಾಲು ಮಾಡಿದ ದಿನಾನೇ ಗೊತ್ತಿತ್ತು. ಒಳ್ಳೊಳ್ಳೇದೆಲ್ಲ ಚಿಕ್ಕ ಮಗನ ಕಡೆ, ಗುಜರಿ ನಮ್ ಕಡೆ. ಇಷ್ಟು ವರ್ಷ ಅನ್ನ ಹಾಕಿದ್ದು ನಾನು!"

ಅತ್ತೆ ಗೋಡೆಗೆ ಒರಗಿ ಕೂತಿದ್ದರು. ನನ್ನ ಕಡೆ ನೋಡಲಿಲ್ಲ, ತಮ್ಮ ಪಾದ ನೋಡಿಕೊಂಡರು. ಮೈದುನ ಎದ್ದು ನಿಂತು, "ಅತ್ತಿಗೆ, ಅನ್ನದ ಮಾತು ಯಾಕೆ? ಅಮ್ಮ ಇವತ್ತಿಂದ ಇಲ್ಲೇ ಇರ್ಲಿ," ಎಂದ. ಅತ್ತೆಯಿಲ್ಲದ ಮನೆ ಕಣ್ಣ ಮುಂದೆ ಬಂತು. ಆದರೆ ಆಡಿದ ಮಾತು ನುಂಗಲು ಬರುತ್ತದೆಯೇ?

ಪಾಪ, ಮೇಷ್ಟ್ರಿಗೆ ನಮ್ಮ ಮನೆಯ ಕಥೆ ಏನು ಗೊತ್ತು. "ಇಲ್ಲಮ್ಮ, ಪಾಲು ಸರಿಯಾಗೇ ಇದೆ," ಎಂದು ಎರಡು ಆನೆ ಕಾಸು ಪಕ್ಕಪಕ್ಕ ಇಟ್ಟರು. "ಇವೆರಡೂ ಅಣ್ಣತಮ್ಮಂದಿರು. ಒಂದೇ ಕಾಲದ್ದು. ಆನೆ ಮೇಲೆ ಸಣ್ಣ ಚಂದ್ರ ಇರೋದೇ ಅಪರೂಪ. ಇದರಲ್ಲಿ ಚಂದ್ರ ಇದಾನೆ. ನಿಮ್ಮದರಲ್ಲಿ ಗೀರು ಬಿಟ್ರೆ ಏನೂ ಇಲ್ಲ. ಈ ಕಪ್ಪು ಕೊಳೆ ಅಲ್ಲಮ್ಮ, ಕಾಸಿನ ವಯಸ್ಸು. ನಿನ್ನೆ ಮೊನ್ನೆ ಯಾರೋ ಹುಣಸೆಹಣ್ಣು ಹಾಕಿ ತಿಕ್ಕಿದಾರೆ. ಯಾರು ಆ ಪುಣ್ಯಾತ್ಗಿತ್ತಿ?"

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ.

"ನಾನೇ ಕಣಪ್ಪ," ಎಂದರು ಅತ್ತೆ. "ದೇವರ ಮುಂದೆ ಹೊಳೀಲಿ ಅಂತ ತಿಕ್ಬುಟ್ಟೆ. ಓದಿಲ್ಲ ಬರೆದಿಲ್ಲ, ನಂಗೇನ್ ಗೊತ್ತಾಯ್ತದೆ?"

"ಸೊಸೇನಾದ್ರೂ ಒಂದು ಮಾತು ಕೇಳಬಾರದಾಗಿತ್ತಾ?" ಎಂದರು ಮೇಷ್ಟ್ರು.

"ಅವಳು ಬ್ಯಾಡ ಅಂದ್ಲು. ನಾನೇ ಕೇಳ್ಲಿಲ್ಲ. ಅದಕ್ಕೇ ಅವಳಿಗೆ ಸಿಟ್ಟು ಬಂದಿರೋದು, ಬುಡು," ಎಂದು ಮಗನ ಕಡೆ ತಿರುಗಿದರು. "ನೀನ್ ಕೂತ್ಕೋ. ನಾನು ಸಾಯಂಕಾಲದ ಬಸ್ಸಿಗೆ ಇವಳ ಜೊತೆ ಹೋಗ್ಬೇಕು."

ನಾನು ಹಿತ್ತಲಿಗೆ ಹೋಗಿ ತೊಟ್ಟಿಯ ಹತ್ತಿರ ನಿಂತೆ. ಹಿಂದೆಯೇ ನಾಗರತ್ನ ಬಂದಳು. ನನ್ನ ಕೈ ಹಿಡಿದು ಬೆರಳು ತಿರುಗಿಸಿ ನೋಡಿದಳು. ಇವಳ ಬಾಯಿಂದಲೂ ಕೇಳುವುದಿದೆ ಎಂದು ಹಲ್ಲು ಕಚ್ಚಿದೆ.

"ಇವತ್ತು ನೀವ್ ಬಂದಾಗ ಕಾಫಿ ಲೋಟ ಕೊಡೋವಾಗ್ಲೇ ನೋಡ್ದೆ ಅಕ್ಕ," ಎಂದಳು. ಅವಳ ಕಣ್ಣಲ್ಲಿ ನೀರಿತ್ತು. "ಅತ್ತೆ ನಂಗೋಸ್ಕರ ಒಂದ್ ದಿನಾನೂ ಹಿಂಗೆ ಸುಳ್ ಹೇಳಿಲ್ಲ. ಹೊಸ ಮನೆ, ಬೇರೆ ರೂಮು, ಎಲ್ಲಾ ಇದೆ. ಬಂದ ಎರಡೇ ದಿನಕ್ಕೆ 'ಸರೋಜ ಒಬ್ಳೇ ಆಗೋಗ್ತಾಳೆ' ಅಂತ ಚೀಲ ಕಟ್ತಾರೆ. ನಿಮ್ಮನ್ನ ಕಂಡ್ರೆ ನಂಗೆ ಎಷ್ಟು ಹೊಟ್ಟೆ ಉರಿಯುತ್ತೆ ಗೊತ್ತಾ?"

ಅಯ್ಯೋ ಶಿವನೇ! ಗ್ಯಾಸಿನವಳು, ಮಿಕ್ಸಿಯವಳು, ಇನ್ಶೂರೆನ್ಸಿನವಳು, ಅವಳಿಗೆ ನನ್ನ ಮೇಲೆ ಹೊಟ್ಟೆ ಉರಿ! ಅವಳ ಸೆರಗಿನಲ್ಲೇ ನನ್ನ ಕಣ್ಣು ಒರೆಸಿಕೊಂಡೆ.

ವಾಪಸು ಬಸ್ಸಿನಲ್ಲಿ ಅತ್ತೆ ಕಿಟಕಿ ಪಕ್ಕ ಕೂತಿದ್ದರು. ಊರು ದಾಟಿದ ಮೇಲೆ ಧೈರ್ಯ ಮಾಡಿ ಕೇಳಿದೆ. "ಅಷ್ಟೆಲ್ಲ ಅಂದ್ಬಿಟ್ಟೆ ನಿಮ್ಮನ್ನ. ಆದ್ರೂ ಯಾಕೆ ಹಂಗೆ ಹೇಳಿದ್ರಿ ಅತ್ತೆ?"

ಅವರು ಎಲೆ ಅಡಿಕೆ ಮೆಲ್ಲುತ್ತಾ ಹೇಳಿದರು. "ಆ ಮೇಷ್ಟ್ರು ಹೇಳ್ಲಿಲ್ವೇನೇ? ಕಾಸು ಹೋದ್ರೆ ಹೋಗ್ಲಿ. ನಾಲ್ಕು ಜನದ ಮುಂದೆ ನಿನ್ ಮಾನ ಹೋಗಿದ್ರೆ, ಅಂಥದ್ದೇ ಇನ್ನೊಂದು ಎಲ್ಲಿಂದ ತರ್ತಿದ್ದೆ ನಾನು?"



ಆ ಕಾಸುಗಳು ಈಗಲೂ ದೇವರ ಮನೆಯಲ್ಲಿವೆ. ಮತ್ತೆ ಕಪ್ಪಾಗಿವೆ, ನಾನು ಮುಟ್ಟಲು ಹೋಗುವುದಿಲ್ಲ. ನನ್ನ ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳಿದರೆ, ಸುಳ್ಳು ಹೇಳಲಾರೆ. ಆಮೇಲೂ ನಾಗರತ್ನ ಹಬ್ಬಕ್ಕೆ ಬಂದಾಗಲೆಲ್ಲ, "ಅಕ್ಕ, ಅತ್ತೇನ ಒಂದ್ ತಿಂಗಳು ನಮ್ಮನೆಗೆ ಕಳ್ಸಿ," ಎಂದು ಕೇಳುತ್ತಿದ್ದಳು. ಅತ್ತೆ ಇರುವವರೆಗೂ ಒಂದು ವಾರದ ಮೇಲೆ ಒಂದು ದಿನವನ್ನೂ ನಾನು ಬಿಟ್ಟುಕೊಡಲಿಲ್ಲ.