ಸೆರಗು ಹೊದ್ದ ಟೆಲಿಫೋನು

ದೊಡ್ಡೇರಿಯ ಅಂಚೆ ಕಚೇರಿಯಲ್ಲಿ ನಾನು ಪೋಸ್ಟ್‌ಮಾಸ್ಟರಾಗಿದ್ದ ಕಾಲದಲ್ಲಿ ಸುತ್ತಲ ಹಳ್ಳಿ, ಹಟ್ಟಿಗಳಿಗೆಲ್ಲ ನಮ್ಮದೊಂದೇ ಟೆಲಿಫೋನು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಫೋನು ಮಾಡಲು ಬರುವವರು ಅದಕ್ಕೆ ತುಪ್ಪ ಸುರಿಯುತ್ತಿದ್ದರು. ಒಬ್ಬ ರಿಸೀವರನ್ನು ತಲೆಕೆಳಗಾಗಿ ಹಿಡಿದು, ‘ಏನೂ ಕೇಳಕಿಲ್ಲ ಸ್ವಾಮಿ’ ಅನ್ನುವವನು. ಇನ್ನೊಬ್ಬ ಶಾಕ್ ಹೊಡೆದೀತೆಂದು ಮಾರುದೂರ ಹಿಡಿದು, ಮಧುಗಿರಿ ಬೆಟ್ಟಕ್ಕೇ ಕೇಳಿಸುವಂತೆ ಅರಚುವವನು. ಬಾಯಿ ಕಡೆಯ ತೂತುಗಳ ಹಿಂದೆ ಇದ್ದಿಲ ಪುಡಿ ಇರುತ್ತದೆ, ಅಡ್ಡಡ್ಡ ಹಿಡಿದರೆ ಅದು ಒಂದು ಕಡೆ ಸೇರಿ ದನಿ ಅಡಗುತ್ತದೆ ಎಂದು ಲೈನ್‌ಮನ್ ನನಗೆ ಹೇಳಿದ್ದ. ಅದನ್ನೇ ಎಲ್ಲರಿಗೂ ಹೇಳಿ ಹೇಳಿ, ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಗಿ, ಕೊನೆಗೆ ಬೈಯುವುದನ್ನೇ ರೂಢಿ ಮಾಡಿಕೊಂಡೆ.

ಆದರೂ ಗಿರಿಯಮ್ಮ ಹಿಡಿದ ಹಾಗೆ ಫೋನು ಹಿಡಿದ ಇನ್ನೊಬ್ಬರನ್ನು ನಾನು ಕಾಣೆ.

ಗಿರಿಯಮ್ಮ ಪಾವಗಡದ ಕ್ಯಾತಗಾನಚೆರ್ಲು ಕಡೆಯ ಹೆಣ್ಣು. ನಮ್ಮೂರ ಪಕ್ಕದ ಕುರಿಗಾರರ ಹಟ್ಟಿಗೆ ಸೊಸೆಯಾಗಿ ಬಂದವಳು. ಗಂಡ ಗಂಗಣ್ಣ ವರ್ಷದಲ್ಲಿ ಮುಕ್ಕಾಲು ಪಾಲು ಕುರಿ ಹೊಡೆದುಕೊಂಡು ಕೊರಟಗೆರೆ ಕಡೆಯ ಗುಡ್ಡಗಳಲ್ಲೇ ಇರುತ್ತಿದ್ದ. ಮನೆ, ಹೊಲ, ಮಗಳು ನರಸಮ್ಮ, ಮುದುಕ ಮಾವ ಓಬಳಪ್ಪ ಎಲ್ಲವೂ ಈಕೆಯ ತಲೆ ಮೇಲೆ. ಬೆಣ್ಣೆ ಮಾರಲು ಬಂದಾಗ ನನ್ನ ಹೆಂಡತಿಯಂಥವಳನ್ನೇ ಮಾತಿನಲ್ಲಿ ಮಣಿಸುತ್ತಿದ್ದಳು ಅಂದರೆ ಆಕೆಯ ಬಾಯಿ ಎಂಥದ್ದೆಂದು ತಿಳಿದುಕೊಳ್ಳಿ. ಮಾವನ ಮುಂದೆ ಮಾತ್ರ ಸೊಲ್ಲಿಲ್ಲ. ಆ ಮನೆತನದಲ್ಲಿ ಸೊಸೆ ಮಾವನೊಡನೆ ಮಾತಾಡುವಂತಿರಲಿಲ್ಲ. ಏನಾದರೂ ಹೇಳಬೇಕಾದರೆ ಬಾಯಿಗೆ ಸೆರಗು ಹಿಡಿದು, ಬಾಗಿಲ ಮರೆಯಲ್ಲಿ ನಿಂತು, ಮಗಳ ಕೈಲಿ ಹೇಳಿಸಬೇಕು. ‘ತಾತಂಗೆ ಹೇಳು, ಮುದ್ದೆ ಆಗೈತೆ.’ ಮುದುಕನೂ ಅಷ್ಟೇ. ‘ನಿಮ್ಮವ್ವಂಗೆ ಹೇಳು, ಬಂದೆ ಅಂತ.’ ಮೂವರೂ ಇರುವುದು ಒಂದೇ ಸೂರಿನಡಿ!

ಎಪ್ಪತ್ತೆಂಟರಲ್ಲಿರಬೇಕು, ನರಸಮ್ಮನಿಗೆ ಗಂಡು ಗೊತ್ತಾಯಿತು. ಪಾವಗಡದ ಒಂದು ಕಡಲೆಕಾಯಿ ಮಿಲ್ಲಿನಲ್ಲಿ ಕೆಲಸಕ್ಕಿದ್ದ ಹುಡುಗ. ದೀಪ ಹಚ್ಚುವ ಹೊತ್ತಿಗೆ ಎಲೆಅಡಿಕೆ ಬದಲಾಯಿಸಿ ಮಾತು ಕೊಟ್ಟು ಬರುತ್ತೇನೆಂದು ಓಬಳಪ್ಪ ಬೆಳಗಿನ ಬಸ್ಸಿಗೆ ಹೊರಟ. ಅವರಲ್ಲಿ ಎಲೆಅಡಿಕೆ ಕೈಯಿಂದ ಕೈಗೆ ಹೋಯಿತೆಂದರೆ ಮದುವೆಯಾದಂತೆಯೇ. ಆಮೇಲೆ ಹಿಂದೆಗೆಯುವ ಮಾತೇ ಇಲ್ಲ.

ಅವನು ಹೋದ ಮೇಲೆ, ಸಿರಾ ಕಡೆಯ ಬಳೆ ಸಾಬರು ಹಟ್ಟಿಗೆ ಬಂದರು. ಊರೂರು ಸುತ್ತುವವರು. ಗಿರಿಯಮ್ಮ ಹಿಗ್ಗಿನಿಂದ ಹುಡುಗನ ಹೆಸರು, ಮನೆತನ ಹೇಳಿದ್ದೇ ತಡ, ಸಾಬರು ಹೆಗಲ ಮೇಲಿನ ಬಳೆ ಮಲಾರ ಕೆಳಗಿಟ್ಟುಬಿಟ್ಟರು. ‘ತೋಬಾ ತೋಬಾ! ಮಡಕಶಿರಾದಲ್ಲಿ ಅವನಿಗೆ ಹೆಂಡ್ತಿ ಅವ್ಳೆ ಕಣಮ್ಮ! ಹೋದ ತಿಂಗಳು ನಾನೇ ಸೀಮಂತದ ಬಳೆ ತೊಡಿಸಿ ಬಂದಿವ್ನಿ.’

ಗಿರಿಯಮ್ಮ ಸಾಬರನ್ನು ಜಗಲಿಯ ಮೇಲೆ ಕೂರಿಸಿ ಅಲ್ಲಿಂದ ಓಡಿದವಳು ಅಂಚೆ ಕಚೇರಿ ಹೊಸ್ತಿಲಲ್ಲೇ ನಿಂತದ್ದು. ಕಾಲೆಲ್ಲ ಧೂಳು.

‘ಪಾವಗಡದ ಬಸ್ಸು ಹೊಂಟೋಗೈತೆ ಸ್ವಾಮಿ. ನನ್ ಮಗಳ ಬಾಳು ನಿಮ್ ಫೋನ್ನಾಗೈತೆ’ ಅಂದಳು.

ವಿಷಯವನ್ನೆಲ್ಲ ಹೇಳಿದಳು. ಮಿಲ್ಲಿಗೆ ಅರ್ಜೆಂಟ್ ಟ್ರಂಕ್ ಕಾಲ್ ಬುಕ್ ಮಾಡಿದೆ. ಲೈನು ಸಿಗುವಷ್ಟರಲ್ಲಿ ಬಿಸಿಲು ಇಳಿದಿತ್ತು. ಮಿಲ್ಲಿನ ಗುಮಾಸ್ತ ಅಲ್ಲೇ ಹಿಂದಿದ್ದ ಹುಡುಗನ ಮನೆಯಿಂದ ಓಬಳಪ್ಪನನ್ನು ಬೀಗರ ಸಮೇತ ಕರೆತಂದ. ಇನ್ನೂ ಶಾಸ್ತ್ರವಾಗಿಲ್ಲವೆಂದು ಗುಮಾಸ್ತನಿಂದಲೇ ತಿಳಿದು, ದೇವರು ದೊಡ್ಡವನು ಅಂದುಕೊಂಡು, ರಿಸೀವರನ್ನು ಗಿರಿಯಮ್ಮನ ಕೈಗೆ ಕೊಟ್ಟೆ.

ಆಕೆ ಏನು ಮಾಡಿದಳು ಗೊತ್ತೇ? ಮಾವನ ದನಿ ಕಿವಿಗೆ ಬಿದ್ದದ್ದೇ ತಡ, ತಲೆ ತುಂಬ ಸೆರಗೆಳೆದುಕೊಂಡು, ಅದೇ ಸೆರಗನ್ನು ಮಡಿಸಿ ಬಾಯಿಗೂ ಫೋನಿಗೂ ನಡುವೆ ಒತ್ತಿ, ಅದರ ಮೇಲೆ ಅಂಗೈ ಮುಚ್ಚಿ, ಗೋಡೆ ಕಡೆ ತಿರುಗಿ ನಿಂತಳು. ಪುಣ್ಯಾತಗಿತ್ತಿ!

‘ಯಾರು? ಯಾರ್ಲಾ ಅದು?’ ಅಂತ ಓಬಳಪ್ಪ ಕೂಗುತ್ತಿದ್ದದ್ದು ಪಕ್ಕದಲ್ಲಿದ್ದ ನನಗೂ ಕೇಳುತ್ತಿತ್ತು. ಈಕೆ ಸೆರಗಿನೊಳಗೇ ಏನೋ ಗುಸುಗುಸು ಅನ್ನುತ್ತಿದ್ದಳು. ಒಂದಕ್ಷರವೂ ಆಚೆಗೆ ದಾಟುತ್ತಿರಲಿಲ್ಲ.

‘ಸೆರಗು ತೆಗಿಯಮ್ಮ! ಕೈ ತೆಗಿ! ನೆಟ್ಟಗೆ ಹಿಡ್ಕೊ!’ ಅಂತ ರೇಗಿದೆ.

‘ಮಾವ ಅವ್ರೆ ಸ್ವಾಮಿ.’

‘ಮಾವ ಪಾವಗಡದಲ್ಲವ್ರೆ ಕಣಮ್ಮ! ಇಲ್ಲೆಲ್ಲಿ ಅವ್ರೆ?’

‘ಕಿವಿಯಾಗೇ ಅವ್ರಲ್ಲ ಸ್ವಾಮಿ’ ಅಂದಳು.

ಇದಕ್ಕೇನು ಹೇಳುತ್ತೀರಿ? ರಿಸೀವರ್ ಕಿತ್ತುಕೊಂಡು ನಾನೇ ಓಬಳಪ್ಪನಿಗೆ ವಿಷಯವೆಲ್ಲ ಹೇಳಿದೆ. ಮುದುಕ ಜಗ್ಗಲಿಲ್ಲ.

‘ಫೋನ್ನಾಗೆ ನೀವ್ಯಾರೋ ನಂಗೊತ್ತಿಲ್ಲ. ಇದು ನಮ್ ದಾಯಾದಿಗಳು ಮಾಡ್ಸಿರೋ ಆಟ. ನಮ್ಮನೆ ಮಾತು ನಮ್ಮನೆಯೋರ ಬಾಯಾಗೇ ಬರ್ಲಿ.’

‘ನಿಮ್ಮ ಸೊಸೆ ಇಲ್ಲೇ ನಿಂತವ್ರಲ್ಲಯ್ಯ!’

‘ಅವ್ಳು ಮಾತಾಡದು ನಾನ್ ಯಾವತ್ತು ಕೇಳಿವ್ನಿ? ಯಾವ ಹೆಂಗಸು ಬೇಕಾರೂ ನಾನೇ ಸೊಸೆ ಅನ್ಬೋದು. ಇಲ್ಲಿ ಎಲೆಅಡಿಕೆ ತಟ್ಟೆ ತಂದು ಮಡಗವ್ರೆ. ನಾನ್ ಬತ್ತೀನಿ.’

ಮುದುಕನನ್ನು ಬೈದು ಏನು ಸುಖ? ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುವ ಜನರ ನಡುವೆ, ಒಂದು ಸುಳ್ಳು ಹೇಳಿ ಮದುವೆ ಮುರಿಯುವವರೂ ಇರುತ್ತಾರೆ.

ಅವನ ಮಾತು ಗಿರಿಯಮ್ಮನಿಗೂ ಕೇಳಿಸಿತ್ತು. ನನ್ನ ಕೈಯಿಂದ ರಿಸೀವರ್ ತೆಗೆದುಕೊಂಡಳು.  ಸೆರಗನ್ನು ಬಾಯಿಂದ ಎಳೆದು ಸೊಂಟಕ್ಕೆ ಸಿಕ್ಕಿಸಿದಳು. ಫೋನನ್ನು ನೆಟ್ಟಗೆ ಹಿಡಿದು, ಕಣ್ಣು ಮುಚ್ಚಿಕೊಂಡು, ಗಂಟಲೆತ್ತಿ ಕೂಗಿದಳು.

‘ಅರ್ರ್ರ್... ಬಾ ಬಾ ಬಾ ಬಾ... ಬಾರೇ ಕೆಂಚೀ... ಬಾರೋ ಕರಿಯಾ...’

ಸಂಜೆ ಹಟ್ಟಿಯಲ್ಲೇ ಉಳಿದ ಕುರಿಮರಿಗಳನ್ನು ರೊಪ್ಪಕ್ಕೆ ಕೂಡುವಾಗ ಕರೆಯುವ ಕರೆ ಅದು. ಕಾರ್ಡು ಕೊಳ್ಳಲು ಬಂದಿದ್ದವರು ಬಾಯಿ ಬಿಟ್ಟುಕೊಂಡು ನೋಡಿದರು. ಈಕೆಗೆ ತಲೆ ಕೆಟ್ಟಿತೆಂದೇ ನಾನೂ ತಿಳಿದೆ. ಮನೆಯ ಜಗಲಿಯ ಮೇಲೆ ಕೂರುವ ಮುದುಕ ಆ ಕೂಗನ್ನು ಸಂಜೆ ಸಂಜೆಯೂ ಕೇಳಿರುತ್ತಾನೆ ಅನ್ನುವುದು ನನಗೆಲ್ಲಿ ಹೊಳೆಯಬೇಕು?

  ಆ ಕಡೆ ಓಬಳಪ್ಪ ಅಲ್ಲಿದ್ದ ಬೀಗರಿಗೇ ಹೇಳಿದ್ದು ಕೇಳಿಸಿತು. ‘ಇವ್ಳು ನಮ್ ಗಿರಿಯಮ್ಮನೇ ಕಣ್ರಪ್ಪ.’ ಮತ್ತೆ ಫೋನಿಗೆ ಬಾಯಿಟ್ಟು, ‘ಹೇಳವ್ವ’ ಅಂದ.

‘ಮಾವಾ, ತಟ್ಟೆ ಮುಟ್ಬ್ಯಾಡಿ! ಅವ್ನಿಗೆ ಹೆಂಡ್ತಿ ಅವ್ಳೆ, ಬಸ್ರಿ ಅವ್ಳೆ. ಬಳೆ ತೊಡ್ಸಿದ ಸಾಬ್ರು ನಮ್ ಜಗಲಿ ಮ್ಯಾಲೇ ಕುಂತವ್ರೆ, ಬಂದು ಕೇಳಿ. ಎದ್ದು ಬಂದ್ಬುಡಿ ಮಾವಾ.’

‘ಬಂದೆ ತಾಯಿ’ ಅಂದ ಮುದುಕ. ಬಂದೂಬಿಟ್ಟ. ನರಸಮ್ಮ ಮುಂದೆ ತಾವರೆಕೆರೆ ಕಡೆ ಒಳ್ಳೆಯ ಮನೆ ಸೇರಿದಳು. ಗಿರಿಯಮ್ಮ ಬೆಣ್ಣೆ ತರುತ್ತಲೇ ಇದ್ದಳು, ನನ್ನ ಹೆಂಡತಿ ಸೋಲುತ್ತಲೇ ಇದ್ದಳು.

ಆ ಫೋನು ಮಾಡಿ ವಾರವೋ ಹತ್ತು ದಿನವೋ ಆಗಿತ್ತು. ಓಬಳಪ್ಪ ಒಬ್ಬನೇ ಅಂಚೆ ಕಚೇರಿಗೆ ಬಂದ. ಬೆಂಚಿನ ಮೇಲೆ ಕೂತು ಫೋನನ್ನೇ ನೋಡತೊಡಗಿದ.

‘ಯಾರಿಗಯ್ಯಾ ಫೋನು?’ ಅಂತ ಗದರಿದೆ, ಅಭ್ಯಾಸಬಲ.

‘ಸೊಸೆಗೆ ಸ್ವಾಮಿ.’

‘ನಿನ್ನ ಸೊಸೆ ನಿನ್ನ ಮನೇಲೇ ಅವ್ಳಲ್ಲಯ್ಯ!’

‘ಮನೇಲಿ ತುಟಿ ಬಿಚ್ಚಕಿಲ್ಲ’ ಅಂದ ಮುದುಕ. ಟವೆಲಿನಿಂದ ಮುಖ ಒರೆಸಿಕೊಂಡ. ‘ಅವತ್ತು ಮಾವಾ ಅಂದ್ಲು. ಇನ್ನೊಂದ್ ಕಿತ ಕೇಳ್ಬೇಕು ಅನ್ಸೈತೆ. ನಾಳೆ ಬಸ್ನಾಗೆ ನಾನು ಪಾವಗಡಕ್ಕೋಗಿ ನಿಂತ್ಕಂತೀನಿ. ನೀವಿಲ್ಲಿ ಅವ್ಳ ಕೈಗೆ ಕೊಡ್ತೀರಾ ಸ್ವಾಮಿ?’