ಹಂಚು ಸುಡದ ಕೈ

ಮರಾಠಿ ಸೀಮೆಯ ಕೊಂಢವಾ ಬಡಾವಣೆಯಲ್ಲಿ, ಎರಡು ಕೋಣೆಯ ಮನೆಯಲ್ಲಿ ನಾನು ದಿನಕ್ಕೆ ನೂರರ ಮೇಲೆ ಜೋಳದ ರೊಟ್ಟಿ ಬಡಿಯುತ್ತಿದ್ದೆ. ಕಟ್ಟಡ ಕೆಲಸಕ್ಕೆ ಬಂದ ನಮ್ಮ ಕಡೆಯವರೇ ಗಿರಾಕಿಗಳು. ಸಟ್ಟುಗದಿಂದ ರೊಟ್ಟಿ ಮಗುಚುವವಳನ್ನು ನಮ್ಮಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಕಾದ ಹಂಚಿನ ಮೇಲೆ ಬರಿಗೈಯಿಂದಲೇ ತಿರುವಬೇಕು. ಮದುವೆಯಾದ ಹೊಸತರಲ್ಲಿ ನಾನು ಬೆರಳು ಸುಟ್ಟುಕೊಂಡು ಊದಿಕೊಳ್ಳುತ್ತಿದ್ದರೆ ಅತ್ತೆ ಮೂಗು ಮುರಿಯುತ್ತಿದ್ದರು.

ನಾಲ್ಕು ವರ್ಷದ ಹಿಂದೆ ಬಲಗೈ ಬೆರಳುಗಳು ಜುಮ್ಮೆನ್ನತೊಡಗಿದವು. ಕೊಡವಿದರೆ ಸರಿಹೋಗುತ್ತಿತ್ತು. ಬರಬರುತ್ತಾ ಹಂಚು ಸುಡುವುದೇ ನಿಂತಿತು. ರೊಟ್ಟಿ ಒಯ್ಯಲು ಬಂದವರಿಗೆಲ್ಲ ಅತ್ತೆ ನನ್ನ ಕೈ ತೋರಿಸಿದರು.

"ನೋಡ್ರಿ, ನಮ್ಮ ಸೊಸಿ ಕೈ ಈಗ ಪಳಗ್ಯದ. ಹಂಚಿನ ಮ್ಯಾಲ ಇಟ್ರೂ ಸುಡಂಗಿಲ್ಲ."

ಹದಿನಾಲ್ಕು ವರ್ಷದಲ್ಲಿ ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು. ನಾನು ಉಬ್ಬಿಹೋದೆ. ಬೆರಳ ತುದಿಗೆ ಗುಳ್ಳೆ ಎದ್ದರೂ ಎಣ್ಣೆ ಸವರಿ ಮುಚ್ಚಿಟ್ಟೆ. ನನ್ನಂಥ ಪೆದ್ದಿ ಇನ್ನೊಬ್ಬಳಿರಲಿಕ್ಕಿಲ್ಲ.

ರಾತ್ರಿ ಮಣಿಕಟ್ಟು ನೋಯತೊಡಗಿ, ಹಿಟ್ಟಿನ ಉಂಡೆ ಕೈಯಿಂದ ಜಾರತೊಡಗಿದ ಮೇಲೆ ಅತ್ತೆಯೂ ನಾನೂ ಆಸ್ಪತ್ರೆಗೆ ಹೋದೆವು. ಡಾಕ್ಟರು ಹೆಬ್ಬೆರಳಿನ ಬುಡ ಒತ್ತಿ ನೋಡಿದರು. ಅಲ್ಲಿಯ ಮಾಂಸ ಕರಗಿ ತಗ್ಗು ಬಿದ್ದಿತ್ತು. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ ಎಂದು ಮರಾಠಿಯಲ್ಲಿ ಹೇಳಿ, ಬಿಸಿ ತಿಳಿಯದೆ ಎಷ್ಟು ದಿನವಾಯಿತು ಎಂದು ಕೇಳಿದರು. ಎರಡು ವರ್ಷ ಎಂದೆ. ಆಗಲೇ ಬಂದಿದ್ದರೆ ಚೆನ್ನಾಗಿತ್ತು, ಈಗ ಆಪರೇಷನ್ ಮಾಡಿದರೆ ನೋವೇನೋ ಹೋದೀತು, ಸ್ಪರ್ಶ ಮರಳುವುದು ಕಷ್ಟ ಎಂದರು. ಪಕ್ಕದಲ್ಲಿದ್ದ ಅತ್ತೆಗೆ ಮರಾಠಿ ಚೆನ್ನಾಗಿ ಬರುತ್ತದೆ. ಅವರು ನೆಲ ನೋಡುತ್ತಾ ಕೂತರು.

ಆಪರೇಷನ್ನಿಗೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಮಣಿಕಟ್ಟಿನಲ್ಲಿ ಸ್ವಲ್ಪವೇ ಕೊಯ್ದು, ಕ್ಯಾಮೆರಾ ಇರುವ ಸಣ್ಣ ನಳಿಕೆ ತೂರಿಸಿ, ನರವನ್ನು ಅಮುಕುತ್ತಿದ್ದ ಪಟ್ಟಿಯನ್ನು ಒಳಗೊಳಗೇ ಕತ್ತರಿಸಿದರು. ಸಂಜೆಗೆ ಮನೆಗೆ ಬಂದೆವು.

"ಇಷ್ಟ ಸಣ್ಣ ಗಾಯ ಅದ. ಲಗೂನ ಆರಾಮ ಆಗ್ತದ ಬಿಡು," ಎಂದರು ಅತ್ತೆ. ಅವರ ಮೇಲೆ ಉರಿದುಹೋಗುವಷ್ಟು ಸಿಟ್ಟಿತ್ತು, ನನ್ನ ಮೇಲೆ ಅದಕ್ಕಿಂತ ಹೆಚ್ಚು. ಗೋಡೆಯ ಕಡೆ ತಿರುಗಿ ಮಲಗಿದೆ.

ನೋವು ಹೋಯಿತು. ಆರು ತಿಂಗಳ ನಂತರ ಡಾಕ್ಟರು ಪರೀಕ್ಷೆಗೆ ಕರೆದರು. ಕಣ್ಣು ಮುಚ್ಚಿ, ಸೂಜಿ ತಾಗಿದಾಗಲೆಲ್ಲ ಹೂಂ ಅನ್ನಬೇಕು. ಕಿರುಬೆರಳಿಗೆ ಹೂಂ ಅಂದೆ. ಆಮೇಲೆ ಏನೂ ಇಲ್ಲ. ಯಾರೋ ಕರೆದರೆಂದು ಡಾಕ್ಟರು ಪರೀಕ್ಷೆ ನಿಲ್ಲಿಸಿರಬೇಕು ಎಂದುಕೊಂಡು ಕಾದೆ. ಜೊತೆಗೆ ಬಂದಿದ್ದ ಅತ್ತೆ ಬಿಕ್ಕಿದ್ದು ಕೇಳಿಸಿ ಕಣ್ಣು ತೆರೆದೆ.

ಡಾಕ್ಟರು ನನ್ನ ತೋರುಬೆರಳಿಗೆ ಸೂಜಿ ಚುಚ್ಚುತ್ತಲೇ ಇದ್ದರು.