ಕುಡಗೋಲು ತೊಳೆದವಳ ವರದಿ

ಮೊದಲ ಏಟು ಕುತ್ತಿಗೆಗೆ ಬಿದ್ದಿತ್ತು. ಎರಡನೆಯದು ದವಡೆ ಸೀಳಿತ್ತು. ಆಮೇಲಿನವನ್ನು ಬಿಡಿಬಿಡಿಯಾಗಿ ಗುರುತಿಸಲು ಬಾರದು ಎಂದು ಪಂಚನಾಮೆಯಲ್ಲಿತ್ತು. ರಾಯಚೂರಿನ ದವಾಖಾನೆಯಲ್ಲಿ ಡಾಕ್ಟರಾಗಿದ್ದ ನನ್ನ ಯಜಮಾನರು ಅದನ್ನು ಓದುವಾಗ ನಾನು ಕೆಂಪು ಚಟ್ನಿ ಬಡಿಸುತ್ತಿದ್ದೆ. ಅವರು ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸಿದರು.

ನಿಜಾಮರ ಆಳ್ವಿಕೆ, ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ ಅದು. ಕಡಿದವಳು ಸತ್ತವನ ಹೆಂಡತಿ. ಮಾನ್ವಿ ಕಡೆಯ ಹೊಳೆದಂಡೆಯ ಹಳ್ಳಿಗೆ ದೇವದುರ್ಗದಿಂದ ಸೊಸೆಯಾಗಿ ಬಂದವಳು. ಗಂಡ ಮಧ್ಯಾಹ್ನ ಹೊಲದಲ್ಲಿ ಮಲಗಿದ್ದಾಗ ಕಡಿದಿದ್ದಳು. ಕುಡಗೋಲು ನೆರೆಯವಳಿಂದ ಕಡ ತಂದದ್ದು. ಅದನ್ನು ತೊಳೆದು, ಉಡಿಯಲ್ಲಿ ಒಂದು ಹಿಡಿ ಜೋಳ ಹಾಕಿಕೊಂಡು ಹೋಗಿ ಹಿಂದಿರುಗಿಸಿದ್ದಳು. ನಮ್ಮ ಕಡೆ ಕಡ ತಂದ ಸಾಮಾನನ್ನು ಬರಿಗೈಯಲ್ಲಿ ಯಾರೂ ಮರಳಿಸುವುದಿಲ್ಲ. ಆಮೇಲೆ ರೊಟ್ಟಿ ಬಡಿದು, ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಹೆಣದ ಮುಂದೆ ಬಿಚ್ಚಿಟ್ಟು ಕುಳಿತಿದ್ದಳು. ಜನ ಹಿಡಿದದ್ದು ಅಲ್ಲಿಯೇ.

"ರಕ್ತ ತೊಳದಾಳ ಅಂದ್ರ ಬುದ್ಧಿ ನೆಟ್ಟಗದ," ಎಂಬುದು ಪೊಲೀಸ್ ಅಮೀನರ ವಾದ. ಬುದ್ಧಿ ನೆಟ್ಟಗಿದ್ದರೆ ನೇಣು. ಇಲ್ಲದಿದ್ದರೆ ಹೈದರಾಬಾದಿನ ಹುಚ್ಚರ ದವಾಖಾನೆ. ಯಾವುದೆಂದು ನೋಡಿ ಬರೆಯುವ ಹೊಣೆ ಯಜಮಾನರ ಮೇಲೆ ಬಿದ್ದಿತ್ತು.

ಅವರು ಉರ್ದುವಿನಲ್ಲಿ ಬಹಳ ಸೊಗಸಾಗಿ ಬರೆದರು. ಹಾಳೆಯ ತುಂಬ ಕನಿಕರ. ನ್ಯಾಯಾಧೀಶರು ಅದನ್ನು ಹಿಂದಕ್ಕೆ ಕಳಿಸಿದರು: ನೀವು ಕಂಡದ್ದೇನು, ಕೇಳಿದ್ದೇನು, ಅದರಿಂದ ತಿಳಿದದ್ದೇನು, ಬೇರೆಬೇರೆ ಬರೆಯಿರಿ; ಕರುಣೆ ತೋರಿಸುವುದು ನನಗಿರಲಿ.

"ಇಷ್ಟು ಛಂದ ಬರದೀನಿ, ಮತ್ತೇನ್ ಬೇಕಂತ ಆ ಮನಷ್ಯಾಗ?" ಯಜಮಾನರು ನನ್ನ ಮೇಲೆಯೇ ಸಿಟ್ಟಾದರು.

"ಛಂದೇನೋ ಅದ ರೀ. ಓದಿದ್ರ ನೀವು ಕಾಣ್ತೀರಿ. ಆಕಿ ಕಾಣಂಗಿಲ್ಲ."

ನಾನು ಕಲಿತ ಕಾನ್ವೆಂಟಿನಲ್ಲಿ ಪ್ರಬಂಧ ಬರೆಸುತ್ತಿದ್ದ ಸಿಸ್ಟರ್, ಕಂಡದ್ದಾದರೆ ಕಂಡೆ ಎನ್ನು, ಕೇಳಿದ್ದಾದರೆ ಯಾರ ಬಾಯಿಂದ ಹೇಳು ಎನ್ನುತ್ತಿದ್ದರು. ಅದನ್ನೇ ಹೇಳಿದೆ. ಅವರು ಹಿಂದಕ್ಕೆ ಬಂದ ಹಾಳೆಯನ್ನು ಮಡಚಿಟ್ಟರು. ಆಮೇಲೆ, "ಗಂಡಸರ ಮುಂದ ಆಕಿ ಬಾಯಿ ತಗಿಯಂಗಿಲ್ಲ. ನೀ ಬಾ," ಎಂದರು.

ಜೇಲಿನ ಹೆಂಗಸರ ಕೋಣೆಯಲ್ಲಿ ಆಕೆ ಸೆರಗಿನ ತುದಿಯ ಎಳೆ ಬಿಡಿಸುತ್ತ ಕುಳಿತಿದ್ದಳು. ನನ್ನನ್ನು ಕಂಡು ಎದ್ದಳು.

"ಊರ ಕಡಿಂದ ಬಂದೀರೇನ್ರೀ ಯವ್ವಾ? ನಮ್ಮನಿಯವರು ಉಂಡಾರಂತೇನು?"

ಕಾವಲಿನ ಹೆಂಗಸು ನಕ್ಕಳು. "ಹೂಂ ಬೇ, ಹೊಟ್ಟಿ ತುಂಬ ಉಂಡಾನ, ನೀ ಕೊಟ್ಟ ಏಟು!"

"ನೋಡ್ರಿ, ದಿನಾ ಹಿಂಗಽ ಕಾಡತಾಳ," ಎಂದು ಆಕೆ ನನ್ನತ್ತ ತಿರುಗಿ ನಕ್ಕಳು. ಗಂಡ ಸತ್ತಿದ್ದಾನೆ ಎಂಬುದನ್ನೇ ಆಕೆ ನಂಬಿರಲಿಲ್ಲ.

ಮಾತಾಡುತ್ತ ನಡುವೆ ಸುಮ್ಮನಾದಳು. ಬಾಯಲ್ಲಿ ಏನೂ ಇರಲಿಲ್ಲ, ಆದರೂ ತುಟಿ ಎಲೆ ಅಡಿಕೆ ಜಗಿಯುವಂತೆ ಆಡತೊಡಗಿತು. ಎಡಗೈಯ ಬೆರಳು ಸೀರೆ ಚಿವುಟುತ್ತಿದ್ದವು. ಕಣ್ಣು ನನ್ನ ಮೇಲಿತ್ತು, ನೋಟ ಇರಲಿಲ್ಲ. ಏನಾಯಿತೆಂದು ಭುಜ ಮುಟ್ಟಿದೆ.

ಆಕೆ ಎರಗಿದಳು. ಒಂದು ಕೈ ನನ್ನ ಕೂದಲಲ್ಲಿ, ಇನ್ನೊಂದು ಗಂಟಲ ಮೇಲೆ. ನನ್ನ ತಲೆ ಗೋಡೆಗೆ ಬಡಿಯಿತು, ಮತ್ತೆ ಬಡಿಯಿತು. ಬಳೆ ಒಡೆದು ಮಣಿಕಟ್ಟಿಗೆ ನಟ್ಟವು, ಹಲ್ಲಿಗೆ ಸಿಕ್ಕ ತುಟಿ ಒಡೆದು ಬಾಯಿ ಉಪ್ಪುಪ್ಪಾಯಿತು. ಕಾವಲಿನವಳು ಬೆತ್ತದಿಂದ ಆಕೆಯ ಬೆನ್ನಿಗೆ ಬಾರಿಸಿದಳು. ಚರ್ಮ ಸುಲಿದರೂ ಆಕೆ ಬೆಚ್ಚಲಿಲ್ಲ. ಬಾಗಿಲಾಚೆ ನಿಂತಿದ್ದ ಯಜಮಾನರು ಓಡಿ ಬಂದು, ಆಕೆಯ ಬೆರಳು ಬಿಡಿಸಲಾರದೆ ಬೆವರಿದರು. ಆಮೇಲೆ ಆ ಕೈ ತಾನಾಗಿಯೇ ಸಡಿಲಿತು.

"ಅಯ್ಯ ಯವ್ವಾ, ತುಟಿ ಒಡದದಲ್ಲ! ಯಾರ್ ಬಡದ್ರು ನಿಮಗ?" ಎನ್ನುತ್ತ ತನ್ನ ಸೆರಗಿನಿಂದಲೇ ನನ್ನ ರಕ್ತ ಒರೆಸಿದಳು. ಸೆರಗು ಸರಿದಾಗ ಹೊಟ್ಟೆಯ ಮೇಲೆ ಹಳೆಯ ಬರೆಗಳು ಕಂಡವು. ಕಾಯಿಸಿದ ಕಬ್ಬಿಣದಿಂದ ಎಳೆದವು, ಒಂದರ ಪಕ್ಕ ಒಂದು.

ದೇವದುರ್ಗದಿಂದ ಆಕೆಯ ತಾಯಿಯನ್ನು ಕರೆಸಿದೆವು. ಮುದುಕಿ ನಮ್ಮ ಅಂಗಳದಲ್ಲಿ ಕುಳಿತು ಒಂದೇ ಮಾತು ಹಿಡಿದಳು: "ನನ್ನ ಮಗಳಿಗೆ ಯಾವ ಜಡ್ಡೂ ಇದ್ದಿಲ್ರೀ."

"ಮತ್ತ ಹೊಟ್ಟಿ ಮ್ಯಾಲ ಬರಿ ಯಾಕ ಹಾಕಿಸಿದ್ರೀ ಯವ್ವಾ?" ಎಂದೆ.

ಮಕ್ಕಳಿಗೆ ಮೂರ್ಛೆ ಬಂದರೆ ಬರೆ ಹಾಕಿಸುವುದು ಅಲ್ಲಿ ಎಲ್ಲರಿಗೂ ಗೊತ್ತಿದ್ದ ಮದ್ದು. ಮುದುಕಿ ನನ್ನ ಒಡೆದ ತುಟಿಯನ್ನೇ ನೋಡಿದಳು.

"ಸಣ್ಣಾಕಿ ಇನ್ನಾ ಮದಿವಿಗೆ ಅದಾಳ್ರೀ. ಮೂರ್ಛಿ ಮನಿತನ ಅಂದ್ರ ಯಾವ ನಾಯಿ ಬಂದು ಹೆಣ್ಣು ಕೇಳ್ತದ?"

"ನೀವು ಹೇಳಲಿಲ್ಲಂದ್ರ ದೊಡ್ಡಾಕಿಗೆ ಹಗ್ಗ ಹಾಕ್ತಾರ."

ಮುದುಕಿ ಎರಡೂ ಅಂಗೈಯಿಂದ ತನ್ನ ಬಾಯನ್ನೇ ಬಡಿದುಕೊಂಡಳು. ನಾನು ಕೈ ಹಿಡಿಯುವಷ್ಟರಲ್ಲಿ ಮೂಗಿನಿಂದ ರಕ್ತ ಇಳಿಯುತ್ತಿತ್ತು. ಆಮೇಲೆ ಹೇಳಿದಳು. ಮಗಳು ಬಾಲ್ಯದಲ್ಲಿಯೂ ಹೀಗೆಯೇ ಬಾಯಿ ಆಡಿಸುತ್ತ ನಿಲ್ಲುತ್ತಿದ್ದಳು. ಒಮ್ಮೆ ಒನಕೆಯಿಂದ ತಮ್ಮನ ಕೈ ಮುರಿದು, ಮರುಗಳಿಗೆ ಯಾರು ಬಡಿದರೋ ನಿನಗೆ ಎಂದು ತಾನೇ ಎಣ್ಣೆ ತಿಕ್ಕಿದ್ದಳು.

ಎರಡನೆಯ ವರದಿಗೆ ಇಬ್ಬರೂ ಕುಳಿತೆವು. ಅವರು ಒಂದು ವಾಕ್ಯ ಓದುವುದು, ಅದರಲ್ಲಿ ಯಾವುದು ಕಂಡದ್ದು ಎಂದು ನಾನು ಕೇಳುವುದು, ಅವರು ಗೊಣಗುತ್ತ ಅರ್ಧ ಹೊಡೆದುಹಾಕುವುದು. ನನ್ನ ಮೇಲೆ ಎರಗಿದ್ದನ್ನು ಬಿಟ್ಟುಬಿಡೋಣ ಎಂದರು. "ನನ್ನ ಹೇಂತಿ ಹೆಸರು ಅದಾಲತ್ತಿನ್ಯಾಗ ಓದೂದು ಬ್ಯಾಡ."

"ಹೆಸರು ಬ್ಯಾಡ. ಏಟು ಇರ್ಲಿ."

ಕುಡಗೋಲಿನ ಬಗ್ಗೆ ಇಷ್ಟೇ ಬರೆದರು: ತೊಳೆದಳು, ಜೋಳದ ಜೊತೆ ಒಡತಿಗೆ ಕೊಟ್ಟಳು, ಒಡತಿ ಸೀರೆಯ ರಕ್ತ ಕಂಡು ಚೀರಿದಾಗಲೂ ಓಡಲಿಲ್ಲ. ಅದರ ಕೆಳಗೆ ಹೀಗೆ ಬರೆದರು: ಕಡಿಯುವಾಗ ಮೂರ್ಛೆಯ ಮಬ್ಬಿನಲ್ಲಿದ್ದಳು ಎಂಬುದು ನನ್ನ ಅಭಿಪ್ರಾಯ. ಆಗ ನಾನು ಅಲ್ಲಿರಲಿಲ್ಲ. ಈ ಕೊನೆಯ ಮಾತು ಬರೆಯಲು ಅವರಿಗೆ ಬಹಳ ಕಷ್ಟವಾಯಿತು.

ಅದಾಲತ್ತಿನಲ್ಲಿ ನಾನು ಪರದೆಯ ಹಿಂದೆ ಕುಳಿತಿದ್ದೆ. ವರದಿಯ ಒಂದೊಂದೇ ವಾಕ್ಯವನ್ನು ಗುಮಾಸ್ತ ಉರ್ದುವಿನಲ್ಲಿ ಓದಿ, ಕಟಕಟೆಯಲ್ಲಿದ್ದ ಆಕೆಗೆ ಕನ್ನಡದಲ್ಲಿ ಹೇಳುತ್ತಿದ್ದ. ವಾಕ್ಯಗಳು ಚಿಕ್ಕವು, ಅವನಿಗೆ ಎಲ್ಲಿಯೂ ತಡವರಿಸಬೇಕಾಗಲಿಲ್ಲ.

"ಈಕಿ ಗಂಡನ್ನ ಕುಡಗೋಲಿಲೆ ಕಡದಾಳ. ಗಂಡ ಸತ್ತಾನ. ಅದು ಈಕಿಗೆ ನೆಪ್ಪಿಲ್ಲ."

ಕಾವಲಿನವಳ ಕುಚೋದ್ಯವನ್ನು ನಗುತ್ತ ತಳ್ಳಿಹಾಕಿದ್ದವಳು ಈ ಮಾತನ್ನು ತಳ್ಳಿಹಾಕಲಿಲ್ಲ. ತಾಯಿಯತ್ತ ತಿರುಗಿದಳು.

"ನಾನಽ ಏನಬೇ?"

ಮುದುಕಿ ತಲೆ ತಗ್ಗಿಸಿದಳು. ಆಕೆ ಹಣೆಯನ್ನು ಕಟಕಟೆಯ ಕಟ್ಟಿಗೆಗೆ ಅಪ್ಪಳಿಸಿದಳು. "ಈ ಕೈ ಕಡೀರ್ಯೋ ಯಪ್ಪಾ, ಕಡೀರಿ!" ಎಂದು ಕೂಗುತ್ತ ಮತ್ತೆ ಅಪ್ಪಳಿಸಿದಳು. ಹಣೆ ಒಡೆದು ಕಣ್ಣಿಗೆ ರಕ್ತ ಇಳಿಯಿತು. ಪೊಲೀಸರು ಮೈಮೇಲೆ ಬಿದ್ದರು. ಆ ಗದ್ದಲದಲ್ಲಿಯೇ ನ್ಯಾಯಾಧೀಶರು ಹೈದರಾಬಾದಿನ ದವಾಖಾನೆ ಎಂದರು.

ಯಜಮಾನರು ಪರದೆ ಸರಿಸಿ ಬಗ್ಗಿದರು. "ಉಳದ್ಳು," ಎಂದರು. ಅವರ ಹಿಂದೆ ಹಣೆ ಕಟ್ಟಿಗೆಗೆ ಬಡಿಯುವ ಸದ್ದು ಇನ್ನೂ ನಿಂತಿರಲಿಲ್ಲ.